ಚರ್ಚಿನ ಕಪಾಟು ಮತ್ತು ಕೆಲವು ಜೀವನಚರಿತ್ರೆಗಳು

ಕಳೆದ ತಿಂಗಳು ಮನೆಗೆ ಸುಣ್ಣ ಬಳಿಸುವ ನಿಮಿತ್ತ ಅಟ್ಟದ ಮೇಲಿನ ಹಳೆಯ ಟ್ರಂಕುಗಳನ್ನು ಕೆಳಗಿಳಿಸಬೇಕಾಯಿತು. ಒಂದರಲ್ಲಿ ನನ್ನ ಬಿ.ಎಡ್. ಪಾಠಟಿಪ್ಪಣಿಗಳು, ಎರಡು ಗಾಂಧಿ ಟೊಪ್ಪಿಗೆ, ಅಪ್ಪನ ಅಡಕೊತ್ತು, ಇವುಗಳ ಅಡಿಯಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಚಿಕ್ಕ ಪುಸ್ತಕ ಸಿಕ್ಕಿತು. ಡೇವಿಡ್ ಲಿವಿಂಗ್‌ಸ್ಟನ್ನರ ಜೀವನಚರಿತ್ರೆ. ಮುಖಪುಟ ಯಾವ ಕಾಲಕ್ಕೋ ಹರಿದುಹೋಗಿದೆ. ಒಳಗೆ ನೇರಳೆ ಮಸಿಯ ದುಂಡುಮುದ್ರೆ. ಅದರ ಕೆಳಗೆ ಹಿಂದಿರುಗಿಸಬೇಕಾದ ತಾರೀಖು, ಡಿಸೆಂಬರ್ 1976.

ನನ್ನ ವಿದ್ಯಾರ್ಥಿಗಳಾಗಿದ್ದವರು ಇದನ್ನು ಓದಿ ನಕ್ಕರೆ ನಾನು ತಪ್ಪು ತಿಳಿಯುವುದಿಲ್ಲ. ಪುಸ್ತಕ ಮರಳಿಸದವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮಾಸ್ತರನ ಟ್ರಂಕಿನಲ್ಲಿಯೇ ಇಂಥದೊಂದು ಪುಸ್ತಕ ಇಷ್ಟು ವರುಷ ಅಡಗಿತ್ತು. ಅದು ನನ್ನ ಕೈಗೆ ಬಂದದ್ದು ಹೇಗೆ, ಮರಳಿ ಹೋಗದೆ ಉಳಿದದ್ದು ಏಕೆ ಎಂಬುದನ್ನು ಬರೆಯಬೇಕೆಂದು ಅಂದೇ ನಿಶ್ಚಯಿಸಿದೆ.

ನಮ್ಮ ಮುರಗೋಡ ಚಿದಂಬರ ದೀಕ್ಷಿತರ ಊರು, ಮಹಾಂತ ಶಿವಯೋಗಿಗಳ ಊರು. ಬಾಲ್ಯದಲ್ಲಿ ನಾವು ಕೇಳಿದ ಜೀವನಚರಿತ್ರೆಗಳೆಂದರೆ ಈ ಮಹಾತ್ಮರ ಲೀಲೆಗಳೇ. ಗುಡಿಯ ಕಟ್ಟೆಯ ಮೇಲೆ ಹಿರಿಯರು ಹೇಳುತ್ತಿದ್ದರು, ನಾವು ಬಾಯಿ ತೆರೆದು ಕೇಳುತ್ತಿದ್ದೆವು. ಆದರೆ ಆ ಕಥೆಗಳ ಮಹಾಪುರುಷರು ಹುಟ್ಟಿನಿಂದಲೇ ಮಹಾಪುರುಷರು. ಅವರು ಪರೀಕ್ಷೆಯಲ್ಲಿ ನಾಪಾಸಾದದ್ದಿಲ್ಲ, ಫೀ ಕಟ್ಟಲಾಗದೆ ಅತ್ತದ್ದಿಲ್ಲ. ನಮಸ್ಕರಿಸಬಹುದಾಗಿತ್ತು, ನಾನೂ ಹಾಗಾಗುತ್ತೇನೆಂದು ಅನ್ನುವಂತಿರಲಿಲ್ಲ.

ನನ್ನ ಅಪ್ಪ ಬೈಲಹೊಂಗಲದ ಕಡೆ ಒಂದು ಜಿನ್ನಿನಲ್ಲಿ ಕೂಲಿಕಾರ. ಹತ್ತಿಯ ಸುಗ್ಗಿ ಬಂತೆಂದರೆ ಅವನು ಮನೆಗೆ ಬರುತ್ತಿದ್ದದ್ದು ವಾರಕ್ಕೊಮ್ಮೆ; ಹುಬ್ಬು, ಮೀಸೆಗಳ ಮೇಲೆಲ್ಲ ಅರಳೆಯ ಬಿಳಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಧಾರವಾಡಕ್ಕೆ ಹೋಗಲು ಸಾಧ್ಯವಾದದ್ದು ಮುರುಘಾಮಠದ ಪ್ರಸಾದನಿಲಯದಿಂದ. ಮೃತ್ಯುಂಜಯಪ್ಪಗಳು ಬೆಳೆಸಿದ ಆ ನಿಲಯದ ಅನ್ನ ಉಂಡು ಓದಿದವರು ನಮ್ಮ ಸೀಮೆಯಲ್ಲಿ ಊರಿಗೆ ಹತ್ತು ಜನ ಸಿಗುತ್ತಾರೆ. ಊಟದ ಚಿಂತೆ ಹೀಗೆ ನೀಗಿತು. ಪುಸ್ತಕದ ಚಿಂತೆ ನೀಗಿದ್ದು ಬೇರೊಂದು ಬಾಗಿಲಲ್ಲಿ.

ಧಾರವಾಡದಲ್ಲಿ ಕ್ರೈಸ್ತ ಸಭೆಗಳು ಹೊಸವಲ್ಲ. ಬೆಳಗಾವಿಗೆ ಲಂಡನ್ ಮಿಶನ್ನಿನವರು 1820ರಲ್ಲಿ ಬಂದರು. ಧಾರವಾಡಕ್ಕೆ ಬಾಸೆಲ್ ಮಿಶನ್ನಿನವರು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ನಮ್ಮ ವಸತಿಯಿಂದ ಕಾಲೇಜಿಗೆ ಹೋಗುವ ದಾರಿಯಲ್ಲಿ ಒಂದು ಹಳೆಯ ದೇವಾಲಯವಿತ್ತು (ಅಲ್ಲಿಯ ಕನ್ನಡ ಕ್ರೈಸ್ತರು ಚರ್ಚಿಗೆ ದೇವಾಲಯವೆಂದೇ ಅನ್ನುತ್ತಾರೆ). ಅದರ ಮಗ್ಗುಲ ಕೋಣೆಯಲ್ಲಿ ಎರಡು ಕಪಾಟು, ಒಂದು ಉದ್ದನೆಯ ಮೇಜು. ಬುಧವಾರ, ಶನಿವಾರ ಸಂಜೆ ತೆರೆದಿರುತ್ತಿತ್ತು. ಮಳೆ ಬಂತೆಂದು ಒಂದು ಸಂಜೆ ಅದರ ಪಡಸಾಲೆಯಲ್ಲಿ ನಿಂತವನನ್ನು ವೃದ್ಧ ಸಭಾಪಾಲಕರು ಒಳಗೆ ಕರೆದರು. ಯಾವ ಊರು, ಎಲ್ಲಿ ಊಟ ಎಂದು ವಿಚಾರಿಸಿ, ಹೇಳಿದ ಮೇಲೆ ನಕ್ಕರು.

"ಮಠದಾಗ ಪ್ರಸಾದ, ನಮ್ಮಲ್ಲಿ ಪುಸ್ತಕ. ಎರಡೂ ತಗೋ ತಮ್ಮಾ. ಪ್ರಸಾದ ವಾಪಸ್ ಕೊಡಬ್ಯಾಡ, ಪುಸ್ತಕ ಮಾತ್ರ ವಾಪಸ್ ಕೊಡು."

ಒಂದು ಕಪಾಟಿನ ತುಂಬ ಧರ್ಮಗ್ರಂಥಗಳು. ನಾನು ಅವನ್ನು ಮುಟ್ಟಲಿಲ್ಲ, ಅವರೂ ಮುಟ್ಟೆಂದು ಹೇಳಲಿಲ್ಲ. ಇನ್ನೊಂದರಲ್ಲಿ ಜೀವನಚರಿತ್ರೆಗಳು, ಕನ್ನಡದವು ಮೇಲೆ, ಇಂಗ್ಲಿಷಿನವು ಕೆಳಗೆ. ಮೊದಲು ಕೈಗೆ ಕೊಟ್ಟದ್ದು ಮಾತ್ರ ಜೀವನಚರಿತ್ರೆಯಲ್ಲ. ಉತ್ತಂಗಿ ಚೆನ್ನಪ್ಪನವರು ಸಂಪಾದಿಸಿದ ಸರ್ವಜ್ಞನ ವಚನಗಳು. "ಇದನ್ನ ಮಾಡಿದವರು ನಮ್ಮಂಥಾ ಪಾದ್ರಿಗಳು, ಗೊತ್ತೈತೇನು?" ಎಂದರು. ನನಗೆ ಗೊತ್ತಿರಲಿಲ್ಲ. ಸರ್ವಜ್ಞನ ತ್ರಿಪದಿಗಳನ್ನು ಅಷ್ಟೊಂದು ಬಾಯಿಪಾಠ ಮಾಡಿದವನಿಗೆ, ಅವನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದವರು ಧಾರವಾಡದಲ್ಲಿಯೇ ಹುಟ್ಟಿದ ಒಬ್ಬ ಕ್ರೈಸ್ತ ಬೋಧಕರೆಂದು ಯಾರೂ ಹೇಳಿರಲಿಲ್ಲ.

ಉತ್ತಂಗಿಯವರು ಹುಟ್ಟಿದ್ದು 1881ರಲ್ಲಿ. ಅದರ ಹಿಂದಿನ ವರುಷ ಅದೇ ಧಾರವಾಡದಲ್ಲಿ ಹುಟ್ಟಿದವರು ಫ. ಗು. ಹಳಕಟ್ಟಿಯವರು. ಒಬ್ಬರು ವಕೀಲರು, ಇನ್ನೊಬ್ಬರು ಪಾದ್ರಿಗಳು. ಒಬ್ಬರು ಶರಣರ ವಚನಗಳ ತಾಳೆಗರಿಗಳನ್ನು ಹುಡುಕಿ ತೆಗೆದರು. ಇನ್ನೊಬ್ಬರು ಸರ್ವಜ್ಞನನ್ನು ಕೂಡಿಸಿದ್ದಲ್ಲದೆ ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥವನ್ನೇ ಬರೆದರು. ತಲೆಗೆ ರುಮಾಲು ಸುತ್ತಿದ ಈ ಪಾದ್ರಿ 1949ರಲ್ಲಿ ಗುಲಬರ್ಗಾ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, 1962ರಲ್ಲಿ ತೀರಿಕೊಂಡರು. ಮೋಗ್ಲಿಂಗರು 1850ರಲ್ಲಿ ಹರಿದಾಸರ ಪದಗಳನ್ನು ಅಚ್ಚು ಹಾಕಿಸಿದ್ದು, ಕಿಟೆಲ್ಲರು ಶಬ್ದಮಣಿದರ್ಪಣವನ್ನು ಶೋಧಿಸಿ 1872ರಲ್ಲಿ ಹೊರತಂದದ್ದು, 1894ರಲ್ಲಿ ಎಪ್ಪತ್ತು ಸಾವಿರ ಶಬ್ದಗಳ ಆ ದೊಡ್ಡ ನಿಘಂಟು ಹೊರಬಂದದ್ದು, ಇವನ್ನೆಲ್ಲ ಮುಂದೆ ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂಬುದು ನಿಮಗೆ ಗೊತ್ತು. ಅದೆಲ್ಲ ಆ ಮೇಜಿನ ಮುಂದೆ ಕೇಳಿದ್ದು.

ಮರುವಾರದಿಂದ ಜೀವನಚರಿತ್ರೆಗಳು ಶುರುವಾದವು. ವಿಲಿಯಂ ಕೇರಿ ಇಂಗ್ಲಂಡಿನ ಹಳ್ಳಿಯೊಂದರಲ್ಲಿ ಚಪ್ಪಲಿ ಹೊಲಿಯುತ್ತಿದ್ದವನು. ಕೆಲಸದ ಎದುರಿನ ಗೋಡೆಗೆ ತಾನೇ ಬರೆದ ಭೂಪಟ ತೂಗುಹಾಕಿಕೊಂಡು ಹೊಲಿಯುತ್ತಿದ್ದನಂತೆ. ಅವನು ಬಂಗಾಲಕ್ಕೆ ಬಂದು ಶ್ರೀರಾಮಪುರದಲ್ಲಿ ಮುದ್ರಣಾಲಯ ಕಟ್ಟಿದ. 1812ರ ಮಾರ್ಚಿನಲ್ಲಿ ಅದಕ್ಕೆ ಬೆಂಕಿ ಬಿದ್ದು ವರ್ಷಗಟ್ಟಲೆ ಮಾಡಿದ ಹಸ್ತಪ್ರತಿಗಳು ಸುಟ್ಟುಹೋದವು. ಅವುಗಳಲ್ಲಿ ಕನ್ನಡದ ಹೊಸ ಒಡಂಬಡಿಕೆಯೂ ಇತ್ತು. ಆತ ಮತ್ತೆ ಮೊದಲಿನಿಂದ ಬರೆಯತೊಡಗಿದ. 1817ರಲ್ಲಿ ಅದೇ ಮುದ್ರಣಾಲಯದಿಂದ ಅವನ ಕನ್ನಡ ವ್ಯಾಕರಣ ಹೊರಬಂತು. ಒಮ್ಮೆಯೂ ಕನ್ನಡ ನಾಡಿನಲ್ಲಿ ವಾಸಿಸದ ಮನುಷ್ಯ! ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಂಕಿಯ ಸುದ್ದಿಗಿಂತ ಹೆಚ್ಚು ಹಿಡಿಸಿದ್ದು ಬೆಂಕಿಯ ಮರುದಿನದ ಸುದ್ದಿ.

ಆಮೇಲೆ ಪಂಡಿತಾ ರಮಾಬಾಯಿ. ಇವರನ್ನು ಮಹಾರಾಷ್ಟ್ರದವರೆಂದು ತಿಳಿದಿದ್ದೆ. ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಜನರ ವಿರೋಧ ಕಟ್ಟಿಕೊಂಡು ಕಾಡು ಸೇರಿದ ಪಂಡಿತರು ಅವರು. ತಾಯಿ ಮಗಳಿಗೆ ಕಲಿಸಿದಳು. ಬರಗಾಲದಲ್ಲಿ ತಂದೆ ತಾಯಿ ಇಬ್ಬರೂ ಹೋದರು. ಅಣ್ಣ ತಂಗಿ ಪುರಾಣ ಹೇಳುತ್ತ ಕಾಲ್ನಡಿಗೆಯಲ್ಲಿ ದೇಶ ಸುತ್ತಿದರು. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಆ ತರುಣಿಗೆ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಗಂಡ ತೀರಿಕೊಂಡ ಮೇಲೆ ಎಳೆಯ ಮಗಳನ್ನು ಕಟ್ಟಿಕೊಂಡು ಇಂಗ್ಲಂಡ್, ಅಮೆರಿಕೆ; ಮರಳಿ ಬಂದು 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ; ಆಮೇಲೆ ಪುಣೆಯ ಹತ್ತಿರದ ಕೇಡಗಾಂವಿಯಲ್ಲಿ ಬರಗಾಲದ ಅನಾಥ ಹೆಣ್ಣುಮಕ್ಕಳಿಗಾಗಿ ಮುಕ್ತಿ ಸದನ. ಮುಂದೆ ನಮ್ಮ ಗುಲಬರ್ಗಾದಲ್ಲಿಯೂ ಒಂದು ಶಾಲೆ ತೆರೆದರು. ಅವರು ಕ್ರೈಸ್ತರಾದದ್ದನ್ನು ಕುರಿತು ಆಗ ದೊಡ್ಡ ವಾದವೆದ್ದಿತ್ತು, ಈಗಲೂ ಏಳುತ್ತದೆ. ನನ್ನ ಮನಸ್ಸನ್ನು ಹಿಡಿದದ್ದು ಒಬ್ಬ ತಂದೆ ಹೆಂಡತಿಗೆ ಅಕ್ಷರ ಕಲಿಸಿದ್ದರಿಂದ ಮುಂದೆ ಎಷ್ಟೆಲ್ಲ ಆಯಿತು ಎಂಬುದು. ಈ ಪುಸ್ತಕವನ್ನು ಮೂರು ಸಲ ಓದಿದೆ. ಈ ಮೂರು ಸಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ದಸರೆಯ ಸೂಟಿಗೆ ಊರಿಗೆ ಬಂದಾಗ ಚೀಲದಲ್ಲಿದ್ದ ಪುಸ್ತಕ ಕಂಡು ದೊಡ್ಡಪ್ಪ ಹೌಹಾರಿದ. "ಮಠದ ಅನ್ನ ಉಂಡು ಪಾದ್ರಿಗೋಳ ಪುಸ್ತಕ ಓದತೀಯೇನಲೇ? ಕುಲಾ ಕೆಡಿಸಿಕೊಂಡ ಬರ್ತೀ ನೋಡು!" ಅಪ್ಪ ಪುಸ್ತಕ ಎತ್ತಿಕೊಂಡು ತಿರುವಿ ನೋಡಿದ. ಅವನಿಗೆ ಓದು ಬರುತ್ತಿರಲಿಲ್ಲ. "ಯಾರ ಕತಿ ಇದು?" ಎಂದ. ಅದು ಲಿವಿಂಗ್‌ಸ್ಟನ್ನರ ಕಥೆ. ಹೇಳಿದೆ. 1813ರಲ್ಲಿ ಸ್ಕಾಟ್ಲಂಡಿನ ಬ್ಲಾಂಟಾಯರ್ ಎಂಬಲ್ಲಿ ಹುಟ್ಟಿದ ಬಡವರ ಮಗ. ಹತ್ತನೆಯ ವಯಸ್ಸಿಗೆ ಹತ್ತಿಯ ಗಿರಣಿಗೆ ಸೇರಿದ. ಬೆಳಗಿನ ಆರರಿಂದ ರಾತ್ರಿ ಎಂಟರವರೆಗೆ ಕೆಲಸ. ಮೊದಲ ವಾರದ ಸಂಬಳದಲ್ಲಿ ಲ್ಯಾಟಿನ್ ವ್ಯಾಕರಣದ ಪುಸ್ತಕ ಕೊಂಡ. ನೂಲುವ ಯಂತ್ರದ ಮೇಲೆ ಪುಸ್ತಕ ತೆರೆದಿಟ್ಟು, ಆಚೆ ಈಚೆ ಓಡಾಡುವಾಗ ಒಂದೊಂದೇ ವಾಕ್ಯ ಓದಿಕೊಳ್ಳುತ್ತಿದ್ದ. ರಾತ್ರಿ ಶಾಲೆ, ಆಮೇಲೆ ನಡುರಾತ್ರಿಯವರೆಗೆ ಓದು, ತಾಯಿ ಬಂದು ಪುಸ್ತಕ ಕಸಿದುಕೊಳ್ಳುವವರೆಗೆ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದದ್ದು ಇಷ್ಟೇ: "ಹತ್ತಿ ಕೆಲಸ ಮಾಡೂವಾಗ ಓದಿದಾ? ಧೂಳಾಗ ಕಣ್ಣ ಹ್ಯಾಂಗ ಕಂಡೂವೋ ಏನೋ."

ಆ ಡಿಸೆಂಬರಿನಲ್ಲಿ ಅಪ್ಪನಿಗೆ ಜಡ್ಡಾಯಿತು. ಸುದ್ದಿ ಬಂದಾಗ ಕೈಗೆ ಸಿಕ್ಕದ್ದನ್ನು ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತಿದೆ. ಮತ್ತೆ ಓದಲು ತಂದಿಟ್ಟುಕೊಂಡಿದ್ದ ಆ ಪುಸ್ತಕವೂ ಅದರಲ್ಲಿತ್ತು. ಎಂಟು ದಿನದಲ್ಲಿ ಅಪ್ಪ ಹೋದ. ವರ್ಷಗಟ್ಟಲೆ ಅರಳೆಯ ಧೂಳು ಕುಡಿದ ಎದೆ.

ಸಾಲ ತೀರಿಸಬೇಕಾಗಿತ್ತು. ಜನವರಿಯಿಂದ ಮೇ ತನಕ ಅಪ್ಪನ ಜಾಗದಲ್ಲಿ ನಾನು ನಿಂತೆ. ಆಗ ನಮ್ಮ ಭಾಗದಲ್ಲಿ ವರಲಕ್ಷ್ಮಿ ಹತ್ತಿಯ ಭರಾಟೆ. ಧಾರವಾಡದಲ್ಲಿ ಕಟರಕಿಯವರು 1972ರಲ್ಲಿ ಕಂಡುಹಿಡಿದ ಆ ಸಂಕರ ತಳಿಯಿಂದ ರೈತರ ಕೈಯಲ್ಲಿ ನಾಲ್ಕು ದುಡ್ಡು ಆಡುತ್ತಿತ್ತು. ಅಂಡಿಗೆಗಳು ರಾತ್ರಿಯೆಲ್ಲ ಬಂದು ಬೀಳುತ್ತಿದ್ದವು. ನಾನು ಲಿವಿಂಗ್‌ಸ್ಟನ್ನನಂತೆ ಯಂತ್ರದ ಮೇಲೆ ಪುಸ್ತಕ ಇಡಲು ಎರಡು ದಿನ ಯತ್ನಿಸಿದೆ. ಮೂರನೆಯ ದಿನ ಬಿಟ್ಟೆ. ಅಪ್ಪ ಕೇಳಿದ ಪ್ರಶ್ನೆಯೇ ಸರಿಯಾಗಿತ್ತು, ಕಣ್ಣು ಕಾಣುತ್ತಿರಲಿಲ್ಲ. ಆದರೂ ಆ ಪುಸ್ತಕ ಹಾಸಿಗೆಯ ಕೆಳಗೆ ಇದೆ ಎಂಬುದು ಒಂದು ಆಧಾರವಾಗಿತ್ತು. ನಾನು ಜಿನ್ನಿನವನಲ್ಲ, ಸ್ವಲ್ಪ ದಿನದ ಮಟ್ಟಿಗೆ ಇಲ್ಲಿರುವವನು ಎಂದು ಅದು ಹೇಳುತ್ತಿತ್ತು.

ಇನ್ನು ಮುಂದಿನದನ್ನು ನಾನು ಇದುವರೆಗೆ ಎಲ್ಲಿಯೂ ಬರೆದಿಲ್ಲ.

ಮೇ ತಿಂಗಳ ಕೊನೆಗೆ ದೊಡ್ಡಪ್ಪ, ಅವ್ವ, ಸೋದರಮಾವ ಕೂಡಿ ಕುಳಿತು ಒಂದು ನಿರ್ಣಯ ಮಾಡಿದರು. ಹುಡುಗ ಕಾಲೇಜಿಗೆ ಮರಳಲಿ. ಪರೀಕ್ಷೆ ತಪ್ಪಿದೆ, ಒಂದು ವರುಷ ಹೋಗಿದೆ, ಅಡ್ಡಿಯಿಲ್ಲ. ಮನೆ ನಡೆಯಬೇಕಲ್ಲ, ತಂಗಿ ಸಾಲಿ ಬಿಡಲಿ. ಅವಳು ಏಳನೆಯ ಇಯತ್ತೆ ಪಾಸಾಗಿದ್ದಳು, ಲೆಕ್ಕದಲ್ಲಿ ನನಗಿಂತ ಚುರುಕು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದೆ. ರಮಾಬಾಯಿಯ ಚರಿತ್ರೆಯನ್ನು ಮೂರು ಸಲ ಓದಿದವನು ಒಂದು ಮಾತು ಆಡಲಿಲ್ಲ. ಜೂನಿನಲ್ಲಿ ಧಾರವಾಡದ ಬಸ್ಸು ಹತ್ತಿದೆ. ಅವಳು ಕಳೆ ಕೀಳಲು, ಹತ್ತಿ ಬಿಡಿಸಲು ಹೋಗತೊಡಗಿದಳು. ನನ್ನ ಪದವಿಯ ಫೀ, ಬಿ.ಎಡ್. ಫೀ, ಅದರಲ್ಲಿ ಬಹುಪಾಲು ಆ ಕೂಲಿಯದು.

ಧಾರವಾಡಕ್ಕೆ ಹೋದ ಮೇಲೆ ನೋಡಿದರೆ ಕೋಣೆಗೆ ಕೀಲಿ. ವೃದ್ಧ ಸಭಾಪಾಲಕರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಎರಡು ಮೂರು ಬುಧವಾರ ಹೋಗಿ ಬಂದೆ, ಆಮೇಲೆ ಬಿಟ್ಟೆ. ಪುಸ್ತಕ ನನ್ನಲ್ಲಿಯೇ ಉಳಿಯಿತು.

ಇತಿಹಾಸದ ಶಿಕ್ಷಕನಾಗಿ ಮುಂದೆ ನಾನು ಓದಿದ್ದು ಆ ಕಪಾಟಿನ ಪುಸ್ತಕಗಳು ಹೇಳದೆ ಬಿಟ್ಟದ್ದನ್ನು. ಅಬ್ರಹಾಂ ಲಿಂಕನ್ ಬಾಲಕನಾಗಿದ್ದಾಗ ನೆರೆಯವರಿಂದ ಎರವಲು ತಂದ ವಾಷಿಂಗ್ಟನ್ನನ ಜೀವನಚರಿತ್ರೆ ಮಳೆಗೆ ತೊಯ್ದು ಹಾಳಾಯಿತಂತೆ; ಅದರ ಬೆಲೆಗೆ ಮೂರು ದಿನ ಅವರ ಹೊಲದಲ್ಲಿ ದುಡಿದನಂತೆ. ಈ ಕಥೆಯನ್ನು ನಾನು ಪ್ರತಿವರ್ಷ ಹೇಳುತ್ತಿದ್ದೆ. ಲಿಂಕನ್ ಓದಿದ ಆ ಪುಸ್ತಕ ವೀಮ್ಸ್ ಎಂಬ ಪಾದ್ರಿಯದು. ಹಣ್ಣಿನ ಗಿಡ ಕಡಿದು ಸತ್ಯ ಹೇಳಿದ ಬಾಲ ವಾಷಿಂಗ್ಟನ್ನನ ಕಥೆಯನ್ನು ಕಟ್ಟಿದವನು ಅವನೇ ಎಂದು ವಿದ್ವಾಂಸರ ಅಭಿಪ್ರಾಯ. ಸ್ಫೂರ್ತಿ ಕೊಡುವ ಪುಸ್ತಕಗಳಲ್ಲಿ ಎಷ್ಟೋ ಹೀಗೆಯೇ.

ಲಿವಿಂಗ್‌ಸ್ಟನ್ನರ ವಿಷಯವನ್ನೇ ನೋಡಿ. ನನ್ನ ಪುಸ್ತಕದಲ್ಲಿ ಅವರ ಹೆಂಡತಿ ಮೇರಿಗೆ ಸಿಕ್ಕದ್ದು ಒಂದು ಪುಟ. ಮಕ್ಕಳನ್ನು ಕಟ್ಟಿಕೊಂಡು ವರ್ಷಗಟ್ಟಲೆ ಇಂಗ್ಲಂಡಿನಲ್ಲಿ ಬಡತನ ಕಂಡ ಆಕೆ ಕೊನೆಗೆ ಗಂಡನನ್ನು ಸೇರಲು ಬಂದು 1862ರಲ್ಲಿ ಝಾಂಬೆಝಿ ನದಿಯ ದಂಡೆಯ ಶುಪಾಂಗದಲ್ಲಿ ಜ್ವರದಿಂದ ತೀರಿಕೊಂಡಳು. 1873ರಲ್ಲಿ ಅವರೇ ಕಾಡಿನ ನಡುವೆ ಸತ್ತಾಗ ಹೃದಯವನ್ನು ಅಲ್ಲಿಯೇ ಮಣ್ಣುಮಾಡಿ, ದೇಹವನ್ನು ಒಣಗಿಸಿ, ಸಾವಿರಕ್ಕೂ ಹೆಚ್ಚು ಮೈಲು ಹೊತ್ತು ಸಮುದ್ರ ಮುಟ್ಟಿಸಿದವರು ಸೂಸಿ, ಚೂಮಾ ಮತ್ತು ಅವರ ಸಂಗಡಿಗರು. 'ನಿಷ್ಠಾವಂತ ಸೇವಕರು' ಎಂದಷ್ಟೇ ನನ್ನ ಪುಸ್ತಕ ಹೇಳುತ್ತದೆ. ಈ ಚೂಮಾ ಗುಲಾಮರ ವ್ಯಾಪಾರಿಗಳಿಂದ ಬಿಡಿಸಿಕೊಂಡ ಹುಡುಗ. ನಮ್ಮ ಮುಂಬಯಿಯಲ್ಲಿ ವಿಲ್ಸನ್ನರ ಶಾಲೆಯಲ್ಲಿ ಕೆಲಕಾಲ ಓದಿದವನು. ಕಾಡಿನಲ್ಲಿ ಅಂತ್ಯಕ್ರಿಯೆಯ ಪ್ರಾರ್ಥನೆ ಓದಿದ ಜೇಕಬ್ ವೇನ್‌ರೈಟ್ ಕೂಡ ಆಫ್ರಿಕೆಯವನೇ, ಬೆಳೆದದ್ದು ನಾಸಿಕದ ಮಿಶನ್ ಆಶ್ರಮದಲ್ಲಿ. 1874ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಶವಪೆಟ್ಟಿಗೆ ಹೊತ್ತವರ ಸಾಲಿನಲ್ಲಿ ಅವನೂ ಇದ್ದ. ನಾಸಿಕದ ಹುಡುಗನ ಈ ಕಥೆಯೇ ಒಂದು ಗ್ರಂಥವಾಗಬಹುದು.

ಇನ್ನೊಂದು ಮಾತು. ನಾನು ಆ ಪುಸ್ತಕಗಳನ್ನು ಓದಿದ್ದು ಧಾರವಾಡದಲ್ಲಿ, ಕಲೆಕ್ಟರ್ ಥ್ಯಾಕರೆಯ ಸ್ಮಾರಕವಿರುವ ಊರಿನಲ್ಲಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಸತ್ತವನಿಗೆ ಕಲ್ಲು ನಿಂತಿತು. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿದ್ದು 1829ರಲ್ಲಿ ತೀರಿಕೊಂಡ ಚೆನ್ನಮ್ಮನ ಕಥೆಯನ್ನೂ, 1831ರಲ್ಲಿ ನಂದಗಡದಲ್ಲಿ ನೇಣಿಗೇರಿದ ರಾಯಣ್ಣನ ಕಥೆಯನ್ನೂ ಉಳಿಸಿದವರು ಡಪ್ಪು ಹಿಡಿದ ಲಾವಣಿಕಾರರು, ಗೀಗೀ ಮೇಳದವರು. ಜಿನ್ನಿಗೆ ಹೋಗಿ ಬರುವಾಗ ನಾನು ಎಷ್ಟೋ ಸಲ ಚೆನ್ನಮ್ಮನ ಸಮಾಧಿಯತ್ತ ಹಾಯ್ದಿದ್ದೇನೆ. ಚೀಲದಲ್ಲಿದ್ದದ್ದು ಸ್ಕಾಟ್ಲಂಡಿನವನ ಚರಿತ್ರೆ. ಅದರಲ್ಲಿ ತಪ್ಪಿದೆಯೆಂದು ಆಗ ಅನ್ನಿಸಿರಲಿಲ್ಲ, ಈಗಲೂ ಪೂರ್ತಿ ಅನ್ನಿಸುವುದಿಲ್ಲ. ಯಾರ ಕಪಾಟು ತೆರೆದಿತ್ತೋ ಅವರ ಪುಸ್ತಕ ಓದಿದೆ. ನಮ್ಮ ಶಾಲೆಯಲ್ಲಿ ನಾನು ಇಟ್ಟ ಕಪಾಟಿನ ಮೇಲಿನ ಅರೆಯಲ್ಲಿ ಚೆನ್ನಮ್ಮ, ರಾಯಣ್ಣ, ಹಳಕಟ್ಟಿ, ಉತ್ತಂಗಿ ಇವರನ್ನೇ ಮೊದಲು ಇಟ್ಟದ್ದು ಈ ಕಾರಣಕ್ಕೆ. ಕೇರಿ, ರಮಾಬಾಯಿ ಅದರ ಕೆಳಗಿದ್ದರು.

ಪುಸ್ತಕ ಸಿಕ್ಕ ದಿನ ತಂಗಿ ಬಂದಿದ್ದಳು. ಈಗ ಅವಳಿಗೂ ಅರವತ್ತು ದಾಟಿದೆ. ಹೊಲಮನೆಯ ಲೆಕ್ಕ ಈಗಲೂ ಬಾಯಲ್ಲಿಯೇ ಮಾಡುತ್ತಾಳೆ. "ಏನಣ್ಣಾ ಅದು, ಅಪ್ಪ ಸತ್ತ ವರ್ಷದ್ದೇನು?" ಎಂದಳು. ಹೌದೆಂದೆ. ಯಾರ ಕಥೆಯೆಂದು ಕೇಳಿದಳು. ಗಿರಣಿಯ ಹುಡುಗ, ಲ್ಯಾಟಿನ್ ಪುಸ್ತಕ, ಯಂತ್ರದ ಮೇಲೆ ಓದಿದ್ದು ಎಲ್ಲ ಹೇಳಿದೆ. ಅಪ್ಪನಂತೆಯೇ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅವಗ ತಂಗ್ಯಾರ ಇದ್ದರೇನು?"

"ಇದ್ದರು, ಇಬ್ಬರು. ಜಾನೆಟ್, ಆಗ್ನೆಸ್ ಅಂತ."

"ಅವರೇನ ಮಾಡತಿದ್ದರು?"

ಪುಸ್ತಕ ತಿರುವಿದೆ. ಹೆಸರು ಒಂದು ಕಡೆ ಬರುತ್ತದೆ, ಮತ್ತೇನೂ ಇಲ್ಲ. ಇಲ್ಲವೆಂದೆ. "ಇರಲಿ ಬಿಡು" ಎಂದು ಎದ್ದು ಚಹಾ ಇಡಲು ಹೋದಳು. ನಾನು 1977ರ ಮೇ ತಿಂಗಳ ಮಾತು ಎತ್ತಬೇಕೆಂದು ಅವಳ ಹಿಂದೆಯೇ ಅಡಿಗೆಮನೆಯ ಬಾಗಿಲವರೆಗೆ ಹೋದೆ. ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದಳು. ಡಾಕ್ಟರು ಬೇಡವೆಂದಿದ್ದಾರೆ ಎಂದೆ. ಮಾತು ಅಲ್ಲಿಗೇ ನಿಂತಿತು. ಇದನ್ನು ಅವಳ ಮಗ ಅವಳಿಗೆ ಓದಿ ಹೇಳುತ್ತಾನೆಂದು ನನಗೆ ಗೊತ್ತಿದೆ. ಅದಕ್ಕಾಗಿಯೇ ಬರೆದಿದ್ದೇನೆ.

ಪುಸ್ತಕಕ್ಕೆ ಹೊಸ ರಟ್ಟು ಕಟ್ಟಿಸಿದೆ. ಧಾರವಾಡದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ವಿಚಾರಿಸಿ ತಿಳಿಸಿದ್ದಾನೆ: ಆ ಕೋಣೆಯಲ್ಲಿ ಈಗ ಕುರ್ಚಿಗಳನ್ನು ಇಡುತ್ತಾರಂತೆ, ಒಂದು ಕಪಾಟು ಮಾತ್ರ ಉಳಿದಿದೆಯಂತೆ. ಈಗಿನ ಸಭಾಪಾಲಕರು ತರುಣರು. ಪುಸ್ತಕ ನೀವೇ ಇಟ್ಟುಕೊಳ್ಳಿ ಸರ್ ಎಂದು ಫೋನಿನಲ್ಲಿ ನಕ್ಕರು. ಇಟ್ಟುಕೊಳ್ಳುವುದಿಲ್ಲವೆಂದೆ. ಬರುವ ಬುಧವಾರ ಬೆಳಗಿನ ಬಸ್ಸಿಗೆ ಹೋಗುವವನಿದ್ದೇನೆ. ತಂಗಿಯೂ ಬರುತ್ತೇನೆಂದಿದ್ದಾಳೆ, ಧಾರವಾಡದಲ್ಲಿ ಅವಳಿಗೆ ಕಣ್ಣಿನ ಡಾಕ್ಟರರನ್ನು ಕಾಣುವುದಿದೆ.

ಹಾಂ, ನಮ್ಮ ಶಾಲೆಯ ಕಪಾಟಿನಿಂದ ಪುಸ್ತಕ ಒಯ್ದು ಇನ್ನೂ ಮರಳಿಸದವರು ಮೂವರಿದ್ದೀರಿ. ಒಬ್ಬರು ಬೆಂಗಳೂರಿನಲ್ಲಿದ್ದೀರಿ, ಒಬ್ಬರು ಗೋಕಾಕದಲ್ಲಿ, ಒಬ್ಬರು ದುಬೈಯಲ್ಲಿ. ಹೆಸರು ಬರೆಯುವುದಿಲ್ಲ. ರಜಿಸ್ಟರಿನ ನಕಲು ನನ್ನ ಹತ್ತಿರ ಇದೆ.